ತಂತಿಯ ಮೇಲಣ ಕಾಗೆ

ಕನ್ನಡ ಪಾಠ ಹೇಳುವವರು ವಿದ್ಯುತ್ತಿನ ವಿಷಯವಾಗಿ ಬರೆಯಹೊರಟರೆ ಓದುವವರಿಗೆ ಆಶ್ಚರ್ಯವೂ ಬಲ್ಲವರಿಗೆ ಭಯವೂ ಆಗುವುದು ಸಹಜ. ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬೇಕೆಂದು ವಿದ್ಯಾರ್ಥಿ ಸಂಪಾದಕರು ಬಂದು ಕೇಳಿದಾಗ, ಕುಮಾರವ್ಯಾಸನ ಯುದ್ಧವರ್ಣನೆಯನ್ನೋ ವಚನಕಾರರ ನುಡಿಯ ಸರಳತೆಯನ್ನೋ ಕುರಿತು ನಾವು ಬರೆಯುವೆವೆಂದು ಅವರು ಎಣಿಸಿದ್ದರು. ಆದರೆ ನಮ್ಮ ತಲೆಯ ಮೇಲೆ ಒಂದು ಸಾಲವಿದೆ. ಒಮ್ಮೆ ಒಂದು ತರಗತಿಯಲ್ಲಿ ನಿಂತು, ಗೊತ್ತಿಲ್ಲದುದನ್ನು ಗೊತ್ತಿದೆಯೆಂಬಂತೆ ಹೇಳಿದ ಸಾಲ ಅದು. ಆ ತರಗತಿಗೆ ಅದನ್ನು ಬಾಯಿಮಾತಿನಲ್ಲಿ ತೀರಿಸಿದ್ದೇವೆ. ಇಡೀ ಶಾಲೆಗೆ ಬರೆಹದಲ್ಲಿ ತೀರಿಸುವುದು ಈ ಲೇಖನದ ಉದ್ದೇಶ.

ನಾವು ವಾಸವಾಗಿರುವುದು ಕರೋಲ್ ಬಾಗಿನ ಹಳೆಯ ಮನೆಯೊಂದರ ನಾಲ್ಕನೆಯ ಅಂತಸ್ತಿನ ಮೇಲಿನ ಒಂಟಿ ಕೋಣೆಯಲ್ಲಿ. ದೆಹಲಿಯ ಜನ ಇಂಥದನ್ನು ಬರ್ಸಾತಿ ಎನ್ನುತ್ತಾರೆ. ಬೇಸಗೆಯಲ್ಲಿ ಅದು ಕಾದ ಬಾಣಲೆ, ಮಾಗಿಯಲ್ಲಿ ಅದು ಹಿಮಾಲಯದ ಗವಿ. ಆದರೂ ಮುಂದಿನ ತಾರಸಿಯಿಂದ ಕಾಣುವ ನೋಟಕ್ಕಾಗಿ ಎಲ್ಲವನ್ನೂ ಸಹಿಸಿಕೊಂಡಿದ್ದೇವೆ. ಒಂದು ಕಡೆ ಝಂಡೇವಾಲಾನಿನ 108 ಅಡಿ ಎತ್ತರದ ಹನುಮಂತ. ಅವನ ಪಕ್ಕದಲ್ಲಿಯೇ ಕಂಬಗಳ ಮೇಲೆ ಹಾಯ್ದುಹೋಗುವ ಮೆಟ್ರೋ ದಾರಿ. 2005ರ ಡಿಸೆಂಬರ್ 31ರಂದು ಬಾರಾಖಂಬಾ ರಸ್ತೆಯಿಂದ ದ್ವಾರಕಾದವರೆಗೆ ತೆರೆದ ಈ ದಾರಿಯಲ್ಲಿ, ಗಾಡಿಯ ನೆತ್ತಿಯ ಮೇಲೆ ಎಳೆದಿರುವ ತಂತಿಗೂ ಕೆಳಗಿನ ಹಳಿಗೂ 25,000 ವೋಲ್ಟುಗಳ ಅಂತರವಿದೆ. ಆ ತಂತಿಯ ಮೇಲೆ ಬೆಳಗಿನ ಹೊತ್ತು ಕಾಗೆಯೊಂದು ಬಂದು ಕುಳಿತು, ಕೊಕ್ಕನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒರೆಸಿಕೊಂಡು, ಗಾಡಿ ಬರುವ ಸದ್ದಾದೊಡನೆ ಹಾರಿಹೋಗುತ್ತದೆ.

ಈ ಕಾಗೆಯೇ ನಮ್ಮನ್ನು ಸಿಕ್ಕಿಸಿದ್ದು. ಕಳೆದ ಜುಲೈ ತಿಂಗಳಲ್ಲಿ ಭೌತಶಾಸ್ತ್ರದ ಅಧ್ಯಾಪಿಕೆಯವರು ರಜೆಯಲ್ಲಿದ್ದುದರಿಂದ ಹತ್ತನೆಯ ತರಗತಿಯ ಒಂದು ಅವಧಿ ನಮ್ಮ ಪಾಲಿಗೆ ಬಂತು. ಹುಡುಗರು ಪುಸ್ತಕ ತೆರೆದುಕೊಂಡು ಸುಮ್ಮನಿದ್ದರು. ನಾವೂ ಸುಮ್ಮನಿದ್ದಿದ್ದರೆ ಕ್ಷೇಮವಾಗಿತ್ತು. “ಏನಾದರೂ ಸಂದೇಹವಿದ್ದರೆ ಕೇಳಿ” ಎಂದೆವು. ನಮ್ಮ ಗಲ್ಲಿಯಲ್ಲಿಯೇ ಮನೆಯಿರುವ ಹುಡುಗನೊಬ್ಬ ಎದ್ದು, “ಸಾರ್, ಮೆಟ್ರೋ ತಂತಿಯ ಮೇಲೆ ಕಾಗೆ ಕೂತರೆ ಅದಕ್ಕೆ ಶಾಕ್ ಯಾಕೆ ಹೊಡೆಯೋದಿಲ್ಲ?” ಎಂದು ಕೇಳಿದ.

ತಿಳಿಯದು ಎನ್ನಬಹುದಾಗಿತ್ತು. ಆದರೆ ನಲವತ್ತು ಜೊತೆ ಕಣ್ಣುಗಳು ಮುಖವನ್ನೇ ನೋಡುತ್ತಿರುವಾಗ ಆ ಒಂದು ಮಾತು ಅಧ್ಯಾಪಕನ ಗಂಟಲಿನಿಂದ ಸುಲಭವಾಗಿ ಹೊರಡುವುದಿಲ್ಲ. “ಕಾಗೆಯ ಕಾಲನ್ನು ನೋಡಿಲ್ಲವೆ? ಒಣಗಿ ಸಿಪ್ಪೆಗಟ್ಟಿ ರಬ್ಬರಿನಂತಿರುತ್ತದೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯದು” ಎಂದುಬಿಟ್ಟೆವು. ತರಗತಿಗೆ ತೃಪ್ತಿಯಾಯಿತು. ನಮಗೂ ಆಯಿತು. ಗಂಟೆ ಹೊಡೆಯಿತು.

ಆಗಸ್ಟ್ ಬಂದರೆ ದೆಹಲಿಯ ಆಕಾಶದ ತುಂಬ ಗಾಳಿಪಟಗಳು. ಸ್ವಾತಂತ್ರ್ಯದ ದಿನಕ್ಕೆ ಮುನ್ನ ಮಳೆ ನಿಂತ ಒಂದು ಸಂಜೆ, ನಾವು ಒಣಹಾಕಿದ್ದ ಬಟ್ಟೆಯನ್ನು ತೆಗೆಯಲು ತಾರಸಿಗೆ ಬಂದೆವು. ಎದುರುಮನೆಯ ತಾರಸಿಯ ಅಂಚಿನಲ್ಲಿ ಅದೇ ಹುಡುಗ ನಿಂತಿದ್ದ. ಅವನ ಪಟ ಗಲ್ಲಿಯ ಕಂಬದ ತಂತಿಗೆ ಸಿಕ್ಕಿಕೊಂಡಿತ್ತು. ಬಲಗೈಯಲ್ಲಿ ಪರದೆ ತೂಗುಹಾಕುವ ಉದ್ದನೆಯ ಸ್ಟೀಲ್ ಕೊಳವೆ. ಎಡಗೈ ತಾರಸಿಯ ಒದ್ದೆ ಕಬ್ಬಿಣದ ಕಟಕಟೆಯನ್ನು ಭದ್ರವಾಗಿ ಹಿಡಿದಿತ್ತು. ಕೊಳವೆಯ ತುದಿಗೂ ತಂತಿಗೂ ಗೇಣಿನಷ್ಟು ದೂರ ಉಳಿದಿತ್ತು. “ಏಯ್! ಕೆಳಗೆ ಹಾಕೋ ಅದನ್ನ!” ಎಂದು ನಾವು ಕೂಗಿದ ಕೂಗಿಗೆ ಗಲ್ಲಿಯ ಅಂಗಡಿಯವರೆಲ್ಲ ತಲೆಯೆತ್ತಿ ನೋಡಿದರು. ಹುಡುಗ ಬೆದರಿ ಕೊಳವೆಯನ್ನು ಹಿಂದಕ್ಕೆಳೆದುಕೊಂಡ. ಬಳಿಕ ಸ್ವಲ್ಪ ನೊಂದ ದನಿಯಲ್ಲಿ, “ರಬ್ಬರ್ ಚಪ್ಪಲಿ ಹಾಕಿಕೊಂಡಿದೀನಿ ಸಾರ್. ನೀವೇ ಹೇಳಿದ್ರಲ್ಲ, ಕಾಗೆ ಕಾಲಿನ ಥರ” ಎಂದ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ವ್ಯಾಕರಣದಲ್ಲಿ ತಪ್ಪು ಹೇಳಿಕೊಟ್ಟರೆ ಉತ್ತರಪತ್ರಿಕೆಯಲ್ಲಿ ಒಂದು ಅಂಕ ಹೋಗುತ್ತದೆ. ನಾವು ಆ ದಿನ ಹೇಳಿದ ತಪ್ಪಿಗೆ ಒಂದು ಮನೆಯ ದೀಪವೇ ಹೋಗಬಹುದಾಗಿತ್ತು.

ಮರುದಿನ ಭೌತಶಾಸ್ತ್ರದ ಅಧ್ಯಾಪಿಕೆಯವರ ಮುಂದೆ ಕುಳಿತು ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆವು. ಅವರು ನಗಲಿಲ್ಲ. “ಮೇಷ್ಟ್ರೇ, ವಿಭವ ಎಂದರೇನು?” ಎಂದು ಕೇಳಿದರು.

ಇದು ನಮ್ಮ ಕ್ಷೇತ್ರದ ಪ್ರಶ್ನೆ! ವಿಭವವೆಂದರೆ ಸಂಪತ್ತು, ಐಶ್ವರ್ಯ; ಅರುವತ್ತು ಸಂವತ್ಸರಗಳಲ್ಲಿ ಪ್ರಭವದ ಅನಂತರ ಬರುವ ಎರಡನೆಯದು; ನಾವು ಹುಟ್ಟಿದ್ದೂ 1988ರಲ್ಲಿ ಬಂದ ಆ ವಿಭವ ಸಂವತ್ಸರದಲ್ಲಿಯೇ ಎಂದು ಉತ್ಸಾಹದಿಂದ ಹೇಳಿದೆವು. “ಸರಿ. ವಿದ್ಯುತ್ ವಿಭವ?” ಎಂದರು. ನಾವು 2004ರಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವರು. ಏಕಮಾನ ಧನ ಆವೇಶವನ್ನು ಅನಂತ ದೂರದಿಂದ ಒಂದು ಬಿಂದುವಿಗೆ ತರಲು ಮಾಡಬೇಕಾದ ಕೆಲಸ ಎಂಬ ವ್ಯಾಖ್ಯೆ ಎಂದೋ ಬಾಯಿಪಾಠ ಮಾಡಿದುದು ನಾಲಗೆಯ ತುದಿಯಲ್ಲಿಯೇ ಇತ್ತು. ಒಪ್ಪಿಸಿದೆವು. “ಅಂಕ ಕೊಡಬಹುದು. ಆದರೆ ಈ ಮಾತು ಗೊತ್ತಿದ್ದೂ ಕಾಗೆಯ ಪ್ರಶ್ನೆಗೆ ನಿಮಗೆ ಉತ್ತರ ಹೊಳೆಯಲಿಲ್ಲವಲ್ಲ?” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅನಂತರ ಅವರು ಪಾಠವನ್ನು ನಮ್ಮ ಕೋಣೆಯಿಂದಲೇ ಆರಂಭಿಸಿದರು.

“ನಿಮ್ಮ ಬರ್ಸಾತಿ ಎಷ್ಟು ಎತ್ತರದಲ್ಲಿದೆ?”

“ಬೀದಿಯಿಂದ ನಲವತ್ತೈದು ಅಡಿ ಇರಬಹುದು.”

“ಸಮುದ್ರಮಟ್ಟದಿಂದ ಲೆಕ್ಕ ಹಾಕಿದರೆ, ದೆಹಲಿಯ ಎತ್ತರವನ್ನೂ ಸೇರಿಸಿ, ಸುಮಾರು 230 ಮೀಟರ್. ಬೆಂಗಳೂರಿನಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದವನು ಸುಮಾರು 920 ಮೀಟರ್ ಎತ್ತರದಲ್ಲಿದ್ದಾನೆ. ನಿಮಗಿಂತ ಏಳುನೂರು ಮೀಟರಿನಷ್ಟು ಮೇಲೆ! ಅವನು ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೆ ಪೆಟ್ಟಾಗುವುದೆ?”

“ಇಲ್ಲ. ಚಾಪೆಯಿಂದ ನೆಲಕ್ಕೆ ಬೀಳುವುದೆಲ್ಲಿಗೆ?”

“ನೀವು ತಾರಸಿಯ ಅಂಚಿನಿಂದ ಜಾರಿದರೆ?”

ಆ ಪ್ರಶ್ನೆಗೆ ಉತ್ತರ ಹೇಳಬೇಕಾಗಿರಲಿಲ್ಲ. ಎತ್ತರ ಕೊಲ್ಲುವುದಿಲ್ಲ, ಎತ್ತರದ ಅಂತರ ಕೊಲ್ಲುತ್ತದೆ. ವಿದ್ಯುತ್ ವಿಭವವೂ ಹಾಗೆಯೇ. ಅದು ವಿದ್ಯುದಾವೇಶಕ್ಕೆ ಒಂದು ಬಗೆಯ ಎತ್ತರ. ಒಂದು ಕೂಲಂಬ್ ಆವೇಶವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು ಒಂದು ಜೂಲ್ ಕೆಲಸ ಬೇಕಾದರೆ ಆ ಎರಡು ಎಡೆಗಳ ನಡುವಣ ವಿಭವಾಂತರ ಒಂದು ವೋಲ್ಟು. ಸೊನ್ನೆಯನ್ನು ಎಲ್ಲಿಡಬೇಕೆಂಬುದು ನಮ್ಮ ಇಷ್ಟ. ವ್ಯವಹಾರದಲ್ಲಿ ಭೂಮಿಯನ್ನೇ ಸೊನ್ನೆಯೆಂದು ಹಿಡಿಯುತ್ತಾರೆ. ಕಾಗೆಯ ಎರಡು ಕಾಲುಗಳೂ ಒಂದೇ ತಂತಿಯ ಮೇಲೆ, ನಾಲ್ಕಾರು ಬೆರಳುಗಳ ಅಂತರದಲ್ಲಿವೆ. ಎಡಗಾಲು 25,000 ವೋಲ್ಟಿನಲ್ಲಿದ್ದರೆ ಬಲಗಾಲೂ ಅಲ್ಲಿಯೇ ಇದೆ. ಇಡೀ ಕಾಗೆಯೇ ಆ ಎತ್ತರಕ್ಕೆ ಏರಿ ಕುಳಿತಿದೆ. ಕಾಲಿನಿಂದ ಕಾಲಿಗೆ ಇಳಿಜಾರೇ ಇಲ್ಲದಿರುವಾಗ ಅದರ ಮೈಯೊಳಗೆ ಗಮನಕ್ಕೆ ಬರುವಷ್ಟು ವಿದ್ಯುತ್ತು ಹರಿಯುವುದಿಲ್ಲ. ಅದು ಬೆಂಗಳೂರಿನ ಚಾಪೆಯ ಮೇಲೆ ಮಲಗಿದವನಂತೆ.

ಕಾಲಿನ ಸಿಪ್ಪೆಗೂ ಇದಕ್ಕೂ ಏನೂ ಸಂಬಂಧವಿಲ್ಲ. ಅದೇ ಹಕ್ಕಿಯ ರೆಕ್ಕೆ ತಂತಿಗೂ ಕಂಬದ ಲೋಹಕ್ಕೂ ಏಕಕಾಲದಲ್ಲಿ ತಗುಲಿದರೆ ಅದು ಅಲ್ಲಿಯೇ ಸುಟ್ಟುಬೀಳುತ್ತದೆ. ರೆಕ್ಕೆ ಅಗಲವಾದ ಹದ್ದು, ನವಿಲುಗಳಿಗೆ ಈ ಗಂಡಾಂತರ ಹೆಚ್ಚು. ಹಾಗಾದರೆ ನಮ್ಮ ಹುಡುಗನ ಸ್ಥಿತಿ ಏನಾಗುತ್ತಿತ್ತು? ಕೊಳವೆ ತಂತಿಗೆ ಮುಟ್ಟಿದ್ದರೆ ಅವನ ಬಲಗೈ ಸುಮಾರು 230 ವೋಲ್ಟಿನಲ್ಲಿ. ಗೋಡೆಯ ಮೂಲಕ ನೆಲವನ್ನು ಮುಟ್ಟಿದ್ದ ಒದ್ದೆ ಕಟಕಟೆಯನ್ನು ಹಿಡಿದ ಎಡಗೈ ಸೊನ್ನೆಯ ಸಮೀಪದಲ್ಲಿ. ನಡುವೆ ಇಳಿಯುವ ದಾರಿ ಅವನ ಎದೆ. ಕಾಲಿನಲ್ಲಿ ಚಪ್ಪಲಿ ರಬ್ಬರಿನದಾಗಿದ್ದರೇನು, ಚಿನ್ನದ್ದಾಗಿದ್ದರೇನು? ಪ್ರವಾಹ ಕಾಲಿನ ಕಡೆಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ.

ಇದು ವಿಭವದ ಮಾತಾಯಿತು. ಕ್ಷೇತ್ರವೆಂದರೇನು? ನಮ್ಮ ಮಟ್ಟಿಗೆ ಕ್ಷೇತ್ರವೆಂದರೆ ಹೊಲ, ಪುಣ್ಯಸ್ಥಳ, ಕುರುಕ್ಷೇತ್ರ. ವಿಜ್ಞಾನದಲ್ಲಿಯೂ ಅದರ ಅರ್ಥ ತೀರ ದೂರದ್ದಲ್ಲವೆಂದು ಅವರು ತಿಳಿಸಿದರು. ಆವೇಶಗೊಂಡ ವಸ್ತುವೊಂದು ಇರುವೆಡೆಯಲ್ಲಿ ಅದರ ಸುತ್ತಣ ಜಾಗವು ಬರಿಯ ಜಾಗವಾಗಿ ಉಳಿಯುವುದಿಲ್ಲ. ಅಲ್ಲಿಗೆ ಇನ್ನೊಂದು ಆವೇಶವನ್ನು ತಂದಿಟ್ಟರೆ ಅದನ್ನು ಇಂಥ ದಿಕ್ಕಿಗೆ ಇಷ್ಟು ಬಲದಿಂದ ತಳ್ಳುವ ಅಥವಾ ಸೆಳೆಯುವ ಗುಣ ಆ ಜಾಗಕ್ಕೇ ಬಂದಿರುತ್ತದೆ. ಏಕಮಾನ ಆವೇಶದ ಮೇಲಿನ ಈ ಬಲವೇ ವಿದ್ಯುತ್ ಕ್ಷೇತ್ರದ ತೀವ್ರತೆ. ಕಣ್ಣಿಗೆ ಕಾಣದ ಇದನ್ನು ಬಲರೇಖೆಗಳಾಗಿ ಮನಸ್ಸಿನಲ್ಲಿ ಚಿತ್ರಿಸಿಕೊಂಡವನು ಮೈಕೇಲ್ ಫ್ಯಾರಡೆ. 1791ರಲ್ಲಿ ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯುತ್ತ, ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿದ್ವಾಂಸನಾದವನು. ಅವನಿಗೆ ಉನ್ನತ ಗಣಿತ ಬರುತ್ತಿರಲಿಲ್ಲವೆಂಬುದನ್ನು ಕೇಳಿ ನಮಗೆ ಸ್ವಲ್ಪ ಧೈರ್ಯ ಬಂತು.

ಕ್ಷೇತ್ರಕ್ಕೂ ವಿಭವಕ್ಕೂ ಇರುವ ನಂಟು, ಕಡಿದಿಗೂ ಎತ್ತರಕ್ಕೂ ಇರುವ ನಂಟು. ಮೈಸೂರಿನ ಚಾಮುಂಡಿ ಬೆಟ್ಟವನ್ನು ಮೆಟ್ಟಿಲುಗಳಿಂದಲೂ ಏರಬಹುದು, ಸುತ್ತಿಬಳಸುವ ರಸ್ತೆಯಿಂದಲೂ ಏರಬಹುದು. ಏರಿದ ಎತ್ತರ ಒಂದೇ. ಮೆಟ್ಟಿಲಿನ ದಾರಿ ಕಡಿದು, ರಸ್ತೆ ಇಳಿಜಾರು. ಅಂತೆಯೇ ಒಂದೇ ವಿಭವಾಂತರವು ಹೆಚ್ಚು ದೂರದಲ್ಲಿ ಹರಡಿಕೊಂಡರೆ ಕ್ಷೇತ್ರ ದುರ್ಬಲ. ಕಡಮೆ ದೂರದಲ್ಲಿ ಇಕ್ಕಟ್ಟಾದರೆ ಪ್ರಬಲ. ಕ್ಷೇತ್ರವು ಒಂದು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟನ್ನು ಮುಟ್ಟಿದರೆ ಒಣಗಾಳಿಯೂ ತಡೆಯಲಾರದೆ ಬಿರಿದು ಕಿಡಿ ಹಾರುತ್ತದೆ. ದೆಹಲಿಯ ಮಾಗಿಯ ರಾತ್ರಿ ಉಣ್ಣೆಯ ಸ್ವೆಟರನ್ನು ಕಳಚುವಾಗ ಚಟಚಟನೆ ಸದ್ದಾಗಿ ಕತ್ತಲಲ್ಲಿ ನೀಲಿ ಕಿಡಿಗಳು ಕಾಣುವುದನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿರುವುದು ಕೆಲವು ಸಾವಿರ ವೋಲ್ಟುಗಳ ಅಂತರವೆಂದು ಕೇಳಿದರೆ ಬೆಚ್ಚಿಬೀಳಬೇಡಿ. ಆ ಎತ್ತರದಿಂದ ಇಳಿಯುವ ಆವೇಶ ಅತ್ಯಲ್ಪ. ಜೋಗದ ನೆತ್ತಿಯಿಂದ ಒಂದು ಹನಿ ಬಿದ್ದಂತೆ. ಗೋಡೆಯ ಪ್ಲಗ್ಗಿನಲ್ಲಿ ಎತ್ತರ ಬರಿಯ 230. ಆದರೆ ಅದರ ಹಿಂದೆ ಬತ್ತದ ಹೊಳೆಯೇ ಇದೆ.

ಇಷ್ಟನ್ನು ಕಲಿತ ಮೇಲೆ ನಾವು ಮಾಡಬೇಕಾದ ಕೆಲಸ ಒಂದು ಉಳಿದಿತ್ತು. ಹತ್ತನೆಯ ತರಗತಿಯ ಮುಂದೆ ನಿಂತು, ಕಾಗೆಯ ಕಾಲಿನ ವಿಷಯವಾಗಿ ಹೇಳಿದ್ದು ತಪ್ಪು, ತಿಳಿಯದೆಯೇ ಹೇಳಿದೆವು, ಕ್ಷಮಿಸಿರಿ ಎಂದೆವು. ತರಗತಿ ನಿಶ್ಶಬ್ದವಾಯಿತು. ಇನ್ನು ಈ ಹುಡುಗರು ನಮ್ಮ ಮಾತಿಗೆ ಬೆಲೆ ಕೊಡಲಾರರೆಂದು ಅಂಜಿದ್ದೆವು. ಆದುದು ಬೇರೆ. ಅದುವರೆಗೆ ಬಾಯಿ ತೆರೆಯದವರೂ ಅಂದು ಪ್ರಶ್ನೆ ಕೇಳಿದರು. ತಪ್ಪೊಪ್ಪಿಕೊಂಡವರ ಮುಂದೆ ತಪ್ಪು ಪ್ರಶ್ನೆ ಕೇಳಲು ನಾಚಿಕೆಯಿಲ್ಲವಷ್ಟೆ!

ಹುಡುಗಿಯೊಬ್ಬಳು, “ಇಷ್ಟು ಅಪಾಯವಿದ್ದರೆ ವಿಭವವನ್ನು 25,000ಕ್ಕೆ ಏರಿಸುವುದೇಕೆ ಸಾರ್?” ಎಂದಳು. ಇನ್ನೊಬ್ಬ, “ಅಷ್ಟು ವೋಲ್ಟಿನ ಕೆಳಗೆ ಗಾಡಿಯಲ್ಲಿ ಕೂತವರಿಗೆ ಏಕೆ ಏನೂ ಆಗುವುದಿಲ್ಲ?” ಎಂದ. ಈ ಸಲ ನಾವು ಎರಡನ್ನೂ ಕರಿಹಲಗೆಯ ಮೂಲೆಯಲ್ಲಿ ಬರೆದುಕೊಂಡು, ನಾಳೆ ಹೇಳುತ್ತೇವೆಂದು ಬಂದೆವು. ಅಧ್ಯಾಪಿಕೆಯವರಿಂದ ಕೇಳಿ ತಿಳಿದು ಮರುದಿನ ಹೇಳಿದ ಉತ್ತರಗಳಿವು.

ಮೊದಲನೆಯದು: ಸಾಗಿಸುವ ಶಕ್ತಿಯು ವಿಭವಾಂತರ, ಪ್ರವಾಹ ಎರಡರ ಗುಣಲಬ್ಧವನ್ನು ಅನುಸರಿಸುತ್ತದೆ. ತಂತಿ ಬಿಸಿಯಾಗಿ ನಷ್ಟವಾಗುವುದು ಪ್ರವಾಹದ ವರ್ಗವನ್ನು ಅನುಸರಿಸಿ. ವಿಭವವನ್ನು ಇಮ್ಮಡಿಸಿದರೆ ಅಷ್ಟೇ ಶಕ್ತಿಗೆ ಅರ್ಧ ಪ್ರವಾಹ ಸಾಕು, ನಷ್ಟ ಕಾಲುಭಾಗಕ್ಕಿಳಿಯುತ್ತದೆ. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತನ್ನು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿಸಲು ಸಾಧ್ಯವಾದುದು ಈ ಉಪಾಯದಿಂದಲೇ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದೇ ಕಾವೇರಿಯ ದೀಪಗಳು ಬೆಳಗಿದುವು.

ಎರಡನೆಯದು: ಗಾಡಿಯ ಮೈ ಲೋಹದ್ದು, ಹಳಿಯ ಮೂಲಕ ಭೂಮಿಗೆ ಸೇರಿದ್ದು. ಲೋಹದ ಪೆಟ್ಟಿಗೆಯ ಹೊರಗೆ ಎಂಥ ಕ್ಷೇತ್ರವಿದ್ದರೂ ಲೋಹದಲ್ಲಿರುವ ಆವೇಶಗಳು ತಾವಾಗಿಯೇ ಸರಿದು ನಿಂತು ಒಳಗಣ ಕ್ಷೇತ್ರವನ್ನು ಅಳಿಸಿಬಿಡುತ್ತವೆ. 1836ರಲ್ಲಿ ಫ್ಯಾರಡೆಯು ಲೋಹದ ಹಾಳೆ ಹೊದಿಸಿದ ದೊಡ್ಡ ಪೆಟ್ಟಿಗೆಯೊಂದನ್ನು ಕಟ್ಟಿಸಿ, ಹೊರಗೆ ಕಿಡಿಗಳು ಹಾರುತ್ತಿರುವಾಗ ತಾನು ಒಳಗೆ ಕುಳಿತು ಉಪಕರಣಗಳಿಂದ ಪರೀಕ್ಷಿಸಿ, ಒಳಗೆ ಏನೂ ಇಲ್ಲವೆಂದು ಕಂಡುಕೊಂಡನು. ಸಿಡಿಲಿನ ಹೊತ್ತಿನಲ್ಲಿ ಮರದಡಿಗಿಂತ ಮುಚ್ಚಿದ ಕಾರು ಲೇಸೆನ್ನುವುದೂ ಇದಕ್ಕೇ.

ನಮ್ಮ ಹುಡುಗ ಕೊನೆಗೆ ಎದ್ದು, “ಸಾರ್, ತಂತಿ ಕಡಿದು ನೆಲಕ್ಕೇ ಬಿದ್ದರೆ?” ಎಂದ. ಈ ಪ್ರಶ್ನೆಗೆ ಅಧ್ಯಾಪಿಕೆಯವರೇ ತರಗತಿಗೆ ಬಂದು ಉತ್ತರ ಹೇಳಿದರು. ಅದನ್ನು ಎಲ್ಲರೂ ನೆನಪಿನಲ್ಲಿಡಬೇಕು. ತಂತಿ ಬಿದ್ದೆಡೆಯಲ್ಲಿ ನೆಲದ ವಿಭವ ಅಧಿಕ. ದೂರ ಹೋದಂತೆ ಅದು ಇಳಿಯುತ್ತದೆ. ನೆಲದ ಮೇಲೆ ಒಂದು ಕಾಣದ ಗುಡ್ಡವೇ ಎದ್ದಿರುತ್ತದೆ. ದಾಪುಗಾಲಿಟ್ಟು ಓಡಿದರೆ ಒಂದು ಪಾದ ಗುಡ್ಡದ ಮೇಲೆ, ಇನ್ನೊಂದು ಕೆಳಗೆ. ಅಂತರವೆಲ್ಲ ಮೈಯ ಪಾಲಿಗೆ. ಮುಂಗಾಲಿಗೂ ಹಿಂಗಾಲಿಗೂ ಹೆಚ್ಚು ದೂರವಿರುವ ದನಗಳು ಇಂಥ ಕಡೆ ಮನುಷ್ಯನಿಗಿಂತ ಬೇಗ ಬಲಿಯಾಗುವುದು ಇದರಿಂದಲೇ. ಆದುದರಿಂದ ಎರಡು ಪಾದಗಳನ್ನೂ ಜೋಡಿಸಿ, ನೆಲದಿಂದ ಎತ್ತದೆ, ಸರಿಸುತ್ತ ಸರಿಸುತ್ತ ದೂರ ಹೋಗಬೇಕು. ಕಾಗೆಯ ಕಾಲಿನಿಂದ ಕಲಿಯಬೇಕಾದ ನಿಜವಾದ ಪಾಠ ಇದು: ಎರಡು ಕಾಲುಗಳೂ ಒಂದೇ ವಿಭವದಲ್ಲಿರಲಿ.

ಇದು ಬರಿಯ ಪುಸ್ತಕದ ಮಾತಲ್ಲ. 2024ರ ಜುಲೈಯಲ್ಲಿ, ನಮ್ಮ ಕರೋಲ್ ಬಾಗಿಗೆ ಅಂಟಿಕೊಂಡಂತಿರುವ ಪಟೇಲ್ ನಗರದಲ್ಲಿ, ಪರೀಕ್ಷೆಗಾಗಿ ದೂರದ ಊರಿನಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನು ಮಳೆನೀರು ನಿಂತ ಬೀದಿಯಲ್ಲಿ ನಡೆಯುತ್ತ, ವಿದ್ಯುತ್ ಸೋರುತ್ತಿದ್ದ ಕಬ್ಬಿಣದ ಗೇಟನ್ನು ಮುಟ್ಟಿ ಅಸುನೀಗಿದನು. ನೀರಿನಲ್ಲಿ ನಿಂತ ಕಾಲು, ಕಬ್ಬಿಣವನ್ನು ಮುಟ್ಟಿದ ಕೈ, ನಡುವೆ ವಿಭವಾಂತರ. ಆ ಸುದ್ದಿಯನ್ನು ನಾವು ಅಂದೇ ಓದಿದ್ದೆವು, ಮರುಗಿದ್ದೆವು. ಆದರೆ ನಮ್ಮ ಉತ್ತರಕ್ಕೂ ಅದಕ್ಕೂ ಸಂಬಂಧವಿದೆಯೆಂದು ತೋರಿರಲಿಲ್ಲ.

ನಮ್ಮ ಹಿರಿಯರು ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಪಟ್ಟ ಶ್ರಮ ಸಾಮಾನ್ಯವಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅವರಂಥವರ ದುಡಿಮೆಯಿಂದ ನಮಗೆ ಕ್ಷೇತ್ರ, ವಿಭವ, ಆವೇಶಗಳಂಥ ಮಾತುಗಳು ಸಿದ್ಧವಾಗಿ ದೊರೆತುವು. ಕನ್ನಡದಲ್ಲಿ ಓದಿದ್ದರಿಂದ ನಮಗೆ ವಿಜ್ಞಾನ ಬರಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳುವುದು ಕೃತಘ್ನತೆ. ಮಾತು ಕೈಯಲ್ಲಿತ್ತು, ಅದನ್ನು ತೆರೆದು ಒಳಗೇನಿದೆಯೆಂದು ನಾವು ನೋಡಲಿಲ್ಲ. ತಪ್ಪು ಭಾಷೆಯದಲ್ಲ, ನಮ್ಮದು. ತಾಯಿನುಡಿಯಲ್ಲಿ ಕಲಿಯುವವರಿಗೆ ಒಂದು ಅನುಕೂಲವಿದೆ: ಎತ್ತರ, ಇಳಿಜಾರು, ಹೊಳೆ, ಗುಡ್ಡ ಎಂಬ ಮನೆಯ ಮಾತುಗಳಿಂದಲೇ ವಿಭವದವರೆಗೆ ನಡೆದುಹೋಗಬಹುದು. ನಡೆಯುವ ಕೆಲಸವನ್ನು ಮಾತ್ರ ನಾವೇ ಮಾಡಬೇಕು.

ವಿದ್ಯಾರ್ಥಿ ಮಿತ್ರರೇ, ಗಾಳಿಪಟ ಹಾರಿಸಿರಿ. ಆದರೆ ತಂತಿಗಳಿಲ್ಲದ ಬಯಲಿನಲ್ಲಿ, ಹತ್ತಿಯ ದಾರದಿಂದ. ಲೋಹದ ಪುಡಿ ಬಳಿದ ಮಾಂಜಾ ಆಕಾಶದ ಎತ್ತರವನ್ನು ನಿಮ್ಮ ಬೆರಳಿಗೆ ಇಳಿಸುವ ದಾರಿ. 2017ರಿಂದ ದೆಹಲಿಯಲ್ಲಿ ನೈಲಾನ್ ದಾರಕ್ಕೂ ಇಂಥ ಮಾಂಜಾಕ್ಕೂ ನಿಷೇಧವಿದೆ. ರೈಲಿನ ತಂತಿಯನ್ನು ಮುಟ್ಟಬೇಕೆಂದೇ ಇಲ್ಲ, ಸಮೀಪಿಸಿದರೂ ಕಿಡಿ ಹಾರೀತು. ರೈಲ್ವೆಯವರು ತಮ್ಮ ಕೆಲಸಗಾರರಿಗೇ ಎರಡು ಮೀಟರ್ ದೂರವಿರಲು ಕಟ್ಟಳೆ ಮಾಡಿದ್ದಾರೆ. ಯಾರಿಗಾದರೂ ಶಾಕ್ ತಗುಲಿದುದನ್ನು ಕಂಡರೆ ಮೊದಲು ಮೈನ್ ಸ್ವಿಚ್ಚನ್ನು ಆರಿಸಿರಿ. ಅವರನ್ನು ಮುಟ್ಟಲು ಹೋಗಬೇಡಿರಿ.

ಇನ್ನೊಂದು ಮಾತು. ಅಧ್ಯಾಪಕರು ಹೇಳಿದರೆಂಬ ಒಂದೇ ಕಾರಣಕ್ಕೆ ಯಾವುದನ್ನೂ ನಂಬಬೇಡಿರಿ. ಏಕೆ ಎಂದು ಮತ್ತೊಮ್ಮೆ ಕೇಳಿರಿ. ಉತ್ತರ ಬಾರದಿದ್ದರೆ ಅವರು ನಾಳೆ ಹೇಳುತ್ತಾರೆ. ಆ ಒಂದು ದಿನದ ತಡದಿಂದ ಯಾರಿಗೂ ಹಾನಿಯಾಗದು.

ನಮ್ಮ ಹುಡುಗನ ಹರಿದ ಪಟ ಗಲ್ಲಿಯ ತಂತಿಯ ಮೇಲೆ ಇನ್ನೂ ಜೋಲಾಡುತ್ತಿದೆ. ಅದನ್ನು ಯಾರೂ ತೆಗೆದಿಲ್ಲ. ಬೆಳಗ್ಗೆ ತಾರಸಿಯಲ್ಲಿ ಕಾಫಿ ಕುಡಿಯುತ್ತ ನಿಂತಾಗ ಅದು ಕಣ್ಣಿಗೆ ಬೀಳುತ್ತದೆ. ಆಚೆ ಮೆಟ್ರೋ ತಂತಿಯ ಮೇಲೆ ಕಾಗೆ ಬಂದು ಕೂರುತ್ತದೆ, ಕೊಕ್ಕು ಒರೆಸಿಕೊಳ್ಳುತ್ತದೆ. ಅದಕ್ಕೆ ನಾವು ಮನಸ್ಸಿನಲ್ಲಿಯೇ ನಮಸ್ಕಾರ ಹೇಳಿ, ಚೀಲ ಹೆಗಲಿಗೇರಿಸಿ, ಶಾಲೆಗೆ ಹೊರಡುತ್ತೇವೆ.